ಬ್ರೇಕಿನ ತಟ್ಟೆಗೆ ಹಚ್ಚಿದ ಎಣ್ಣೆ

ಕರ್ಕಾಟಕ ತಿಂಗಳ ಮಳೆ ಹಿಡಿಯಿತು ಅಂದರೆ ನಮ್ಮ ಮನೆಯಲ್ಲಿ ಮೊದಲು ಎಣ್ಣೆ ಕಾಣುವುದು ಕಬ್ಬಿಣ, ಆಮೇಲೆ ನಮ್ಮ ತಲೆ. ಇದು ಅಜ್ಜಿ ಮಾಡಿಟ್ಟ ಕಟ್ಟಳೆ. ಮಚ್ಚು, ಕುಡುಗೋಲು, ಗುದ್ದಲಿ, ಹಾರೆ, ಈಳಿಗೆ ಮಣೆ, ಬಾವಿಯ ರಾಟೆ, ಕೊನೆಗೆ ಬಾಗಿಲ ಚಿಲಕ, ಒಂದನ್ನೂ ಬಿಡುವ ಹಾಗಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಕೋಳಿ ಪುಕ್ಕವನ್ನು ಕೊಬ್ಬರಿ ಎಣ್ಣೆಗೆ ಅದ್ದಿ ಸವರಬೇಕು. ಬರಿಗೈಯಲ್ಲಿ ಹಚ್ಚಿದರೆ ಬೆವರಿನ ಉಪ್ಪು ಸೇರುತ್ತದೆ, ಅದಕ್ಕೇ ಪುಕ್ಕ. ಹಚ್ಚಿದ ಮೇಲೆ ಯಾರ ಹತ್ತಿರವೂ ಹೇಳಿಕೊಳ್ಳಬಾರದು. ಹೇಳಿಕೊಂಡರೆ ತುಕ್ಕಿಗೆ ಕೇಳಿಸುತ್ತದಂತೆ.

"ಕಬ್ಬಿಣ ಬಾಯಿಲ್ಲದ್ದು ಕೂಸೆ," ಎನ್ನುತ್ತಿದ್ದಳು ಅಜ್ಜಿ. "ದಾಹ ಆದ್ರೆ ಕೇಳದು. ನೀನು ಎಣ್ಣೆ ಕೊಡದಿದ್ರೆ ಅದು ನೀರು ಕುಡೀತದೆ."

ನನ್ನ ಕನ್ನಡವೆಲ್ಲ ಈ ಅಜ್ಜಿಯದು, ಅವಳ ಇಬ್ಬರು ತಂಗಿಯರದು. ಕಬಿನಿಯ ಆಚೆ ದಡದಿಂದ ಯಾವ ಕಾಲದಲ್ಲೋ ಬಂದು ಈ ಮುಳ್ಳನ್‌ಕೊಲ್ಲಿ ಕಡೆಯಲ್ಲಿ ನೆಲೆ ನಿಂತವರು ನಾವು. ಶಾಲೆ ಮಲಯಾಳದಲ್ಲಿ, ಪಂಚಾಯಿತಿ ಆಫೀಸು ಮಲಯಾಳದಲ್ಲಿ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ಕನ್ನಡ ಇದ್ದದ್ದು ಜಗಲಿಯಲ್ಲಿ ಮಾತ್ರ, ಮೂವರು ಮುದುಕಿಯರು ಕಾಲು ಚಾಚಿ ಮೆಣಸು ಕೇರುವಾಗ. ಮೆಣಸಿನ ಜೊತೆಗೆ ಮಾತನ್ನೂ ಕೇರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಜೊಳ್ಳನ್ನೂ ಗಟ್ಟಿಯನ್ನೂ ಒಟ್ಟಿಗೇ ನುಂಗಿದವಳು. ಹಾಗಾಗಿ ಒಂದು ಮಾತಿಗೆ ನಾಲ್ಕು ಸೇರಿಸುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಅಣ್ಣ ಹಂಗಿಸುತ್ತಿದ್ದ: "ಇವಳ ಬಾಯಿಗೆ ಬಿದ್ರೆ ಓತಿಕ್ಯಾತನೂ ಮೊಸಳೆ." ಈಗ ಬರೆಯುತ್ತಿರುವುದರಲ್ಲಿ ಒಂದು ಕಾಳೂ ಸೇರಿಸಿಲ್ಲ. ಸೇರಿಸುವಂಥದ್ದೇ ಆಗಿದ್ದರೆ ಬೇರೆ ಥರ ಮುಗಿಸುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಬಂದ ದಿನ ಅತ್ತಿಗೆ ಏನೂ ಸಮಾಧಾನ ಹೇಳಲಿಲ್ಲ. ಸೌಟನ್ನು ನನ್ನ ಕೈಗೆ ಕೊಟ್ಟು, "ಸಾರಿಗೆ ಉಪ್ಪು ನೋಡು, ನನಗೆ ನೆಗಡಿ, ರುಚಿ ಗೊತ್ತಾಗ್ತಿಲ್ಲ" ಎಂದರು. ಅವರಿಗೆ ನೆಗಡಿ ಇರಲಿಲ್ಲ. ಒಲೆ ನಿನ್ನದೂ ಹೌದು ಎಂದು ಹೇಳುವ ಬಗೆ ಅದು. ಅಂಥವರು.

ಅಣ್ಣನದು ಒಂದು ಬಿಳಿ ಪಿಕಪ್ಪು. ಸುತ್ತಲಿನವರ ಶುಂಠಿ, ನೇಂದ್ರ ಬಾಳೆ, ಕಾಫಿ, ಮೆಣಸು ಎಲ್ಲ ಅದರಲ್ಲೇ ಪುಲ್ಪಳ್ಳಿಗೆ ಹೋಗಬೇಕು. ಮದುವೆಗೆ ಪಾತ್ರೆ, ಹೆರಿಗೆಗೆ ಬಸುರಿ, ಶಾಲೆಯ ಬೆಂಚು, ಒಮ್ಮೆ ಕಾಲು ಮುರಿದ ಎಮ್ಮೆ ಕೂಡ. ಓಡಿಸುವುದರಲ್ಲಿ ಅವನಿಗೆ ಹೆಸರಿತ್ತು. ನಮ್ಮ ಮನೆಯಿಂದ ಗದ್ದೆಯ ಬಯಲಿಗೆ ಇಳಿಯುವ ಕಾಂಕ್ರೀಟು ರಸ್ತೆ ಗೋಡೆಗೆ ಒರಗಿಸಿದ ಏಣಿಯ ಹಾಗಿದೆ. ಕೆಳಗೆ ತಿರುವು, ತಿರುವಿನ ಒಂದು ಪಕ್ಕ ಗುಡ್ಡ ಕಡಿದ ಮಣ್ಣಿನ ದರೆ, ಇನ್ನೊಂದು ಪಕ್ಕ ಕೆರೆ. ಆ ರಸ್ತೆಯನ್ನು ಅಣ್ಣ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಲೂ ಇಳಿಸಬಲ್ಲ ಎನ್ನುತ್ತಿದ್ದರು ಜನ.

ನಾಲ್ಕು ಮಳೆಗಾಲದ ಹಿಂದೆ ಅವನಿಗೆ ಇಲಿಜ್ವರ ಬಂತು. ಬತ್ತೇರಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಅತ್ತಿಗೆ ಅವನ ಜೊತೆ. ಮನೆಯಲ್ಲಿ ನಾನು, ಹಸು, ನಾಯಿ. ಪಿಕಪ್ಪು ಅಂಗಳದ ಹಲಸಿನ ಮರದಡಿ ನೆನೆಯುತ್ತ ನಿಂತಿತ್ತು.

ಮುಂದಿನ ಎರಡು ಚಕ್ರಗಳ ತೂತುಗಳ ಒಳಗೆ ಒಂದು ಕಬ್ಬಿಣದ ತಟ್ಟೆ ಕಾಣುತ್ತದೆ. ಅಣ್ಣ ದಿನಾ ಓಡಿಸುವಾಗ ಅದು ಬೂದಿ ಹಾಕಿ ತಿಕ್ಕಿದ ಪಾತ್ರೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ ನೋಡುತ್ತೇನೆ, ಅದರ ಮೇಲೆಲ್ಲ ಎಲೆಯಡಿಕೆ ಉಗಿದ ಹಾಗೆ ಕೆಂಪು. ಬೆರಳು ತೂರಿಸಿ ಮುಟ್ಟಿದೆ, ಬೆರಳ ತುದಿಗೆ ಕೆಂಪು ಹುಡಿ ಬಂತು. ಆಸ್ಪತ್ರೆಯಲ್ಲಿ ಮಲಗಿರುವವನ ಸೊತ್ತು, ನೋಡಿಕೊಳ್ಳಲು ನಾನಿದ್ದೂ ತುಕ್ಕು ಹಿಡಿಯಿತಲ್ಲ ಎನಿಸಿತು.

ಅದು ಬ್ರೇಕು ಎಂದು ನನಗೆ ಗೊತ್ತಿರಲಿಲ್ಲ. ಬ್ರೇಕು ಎಂದರೆ ಅಣ್ಣನ ಕಾಲಡಿ ಇರುವುದು ಎಂದುಕೊಂಡಿದ್ದೆ. ಕಬ್ಬಿಣ ಎಂಬುದೊಂದು ಗೊತ್ತಿತ್ತು, ಕರ್ಕಾಟಕ ಎಂಬುದು ಗೊತ್ತಿತ್ತು. ಅಷ್ಟು ಸಾಕಾಯಿತು. ಉದ್ದನೆಯ ಪುಕ್ಕ ಹುಡುಕಿ ತಂದೆ. ತೂತುಗಳಿಂದ ಹೊರಮೈಗೆ ಹಚ್ಚಿದೆ. ಒಳಮೈ ಸಿಗದಾಗ ಗೋಣಿಚೀಲ ಹಾಸಿ ಗಾಡಿಯಡಿ ಮಲಗಿ ಅಲ್ಲಿಗೂ ಹಚ್ಚಿದೆ. ಎರಡು ದಿನ ಬಿಟ್ಟು ಮತ್ತೊಮ್ಮೆ. ಅವರು ಬರುವ ಹಿಂದಿನ ದಿನ ಇನ್ನೊಮ್ಮೆ. ಯಾವ ಕೆಲಸವನ್ನೂ ಅಷ್ಟು ಪೂರ್ತಿಯಾಗಿ ಮಾಡಿದವಳಲ್ಲ ನಾನು. ಮನೆಯಲ್ಲಿ ನನ್ನನ್ನು ಅರೆಕೆಲಸದವಳು ಎಂದೇ ಕರೆಯುತ್ತಿದ್ದುದು. ಅದೊಂದನ್ನೂ ಅರ್ಧಕ್ಕೆ ಬಿಟ್ಟಿದ್ದರೆ.

ಅಣ್ಣ ಬಂದಾಗ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿತ್ತು. ಎರಡನೆಯ ಬೆಳಗ್ಗೆಯೇ, ಗಾಳಿಗೆ ಬಿದ್ದ ನೇಂದ್ರ ಗೊನೆಗಳನ್ನು ಪುಲ್ಪಳ್ಳಿಗೆ ಸಾಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತವೆ ಎಂದು ಹೊರಟ.

"ಡಾಕ್ಟರು ಇನ್ನೊಂದು ವಾರ ಅಂದಿದ್ದಾರೆ," ಎಂದರು ಅತ್ತಿಗೆ.

"ಡಾಕ್ಟರದ್ದು ಬಾಳೆ ಬಿದ್ದಿದೆಯೇನೇ? ಬಿದ್ದಿರೋದು ನಮ್ಮದು."

"ಕಾಲು ನೋಡಿ, ಜೊಂಡಿನ ಹಾಗೆ ಅಲ್ಲಾಡ್ತಿದೆ."

"ಓಡಿಸೋದು ಪಿಕಪ್ಪು, ನಾಟ್ಯ ಮಾಡೋಕೆ ಹೋಗ್ತಿಲ್ಲ."

ಅತ್ತಿಗೆ ಸೀರೆ ಬದಲಿಸಿ ಬಂದು ಅವನ ಎಡಕ್ಕೆ ಹತ್ತಿ ಕೂತರು. ಒಬ್ಬನನ್ನೇ ಕಳಿಸುವುದಿಲ್ಲ ಎಂದು ಅದರ ಅರ್ಥ. ಅಣ್ಣ ಸ್ಟಾರ್ಟ್ ಮಾಡಿ ತಲೆ ಹೊರಗೆ ಹಾಕಿ, "ಏನೇ ಕೂಸೆ, ಗಾಡಿ ಹೊಸದರ ಹಾಗಿದೆಯಲ್ಲ," ಎಂದ. ನಾನು ನಕ್ಕೆ. ಹೇಳಿಕೊಳ್ಳಬಾರದಲ್ಲ, ಹೇಳಲಿಲ್ಲ.

ಅಂಗಳದಿಂದ ರಸ್ತೆಗೆ ನಿಧಾನವಾಗಿ ಹಿಂದಕ್ಕೆ ತೆಗೆದ. ಇಳಿಜಾರು ಶುರುವಾಯಿತು. ಅಣ್ಣ ಹಾರ್ನ್ ಹೊಡೆಯುವವನಲ್ಲ. ಅವತ್ತು ಇಳಿಜಾರಿನ ನಡುವೆ ಹಾರ್ನ್ ಶುರುವಾಯಿತು, ನಿಲ್ಲಲಿಲ್ಲ. ಅಂಗಳದ ತುದಿಗೆ ಓಡಿ ಬಂದು ನೋಡಿದೆ. ಗಾಡಿ ತಿರುವಿನ ಹತ್ತಿರ, ಅಷ್ಟು ವೇಗವಾಗಿ ಅದು ಅಲ್ಲಿ ಯಾವತ್ತೂ ಹೋದದ್ದಿಲ್ಲ. ಕೆರೆಗೆ ಬೀಳಲಿದ್ದ ಗಾಡಿಯನ್ನು ಅವನು ಎಡಕ್ಕೆ ಎಳೆದು ದರೆಗೆ ಕೊಟ್ಟ. ಅಷ್ಟೇ ಅವನ ಕೈಲಿದ್ದದ್ದು, ಅದನ್ನು ಸರಿಯಾಗಿಯೇ ಮಾಡಿದ. ಅವನಿಗೆ ಹಣೆ ಒಡೆಯಿತು. ದರೆಗೆ ಬಡಿದದ್ದು ಅತ್ತಿಗೆ ಕೂತ ಪಕ್ಕ. ಅವರ ಎಡಗೈ ಭುಜದಿಂದ ಮೊಣಕೈವರೆಗೆ ಮೂರು ಕಡೆ ಮುರಿಯಿತು. ಸ್ಟೀಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆ ಕೈ ಈಗ ಹೊಟ್ಟೆಯ ಮಟ್ಟದಿಂದ ಮೇಲೆ ಏಳುವುದಿಲ್ಲ.

ಗಾಡಿಯನ್ನು ಎಳೆದುಕೊಂಡು ಹೋಗಿ ಪೊಲೀಸು ಠಾಣೆಯ ಪಕ್ಕ ಬಯಲಲ್ಲಿ ನಿಲ್ಲಿಸಿದರು. ಒಂದು ವಾರ ಬಿಡದೆ ಮಳೆ ಸುರಿಯಿತು. ಆಮೇಲೆ ಗಾಡಿ ಪರೀಕ್ಷೆ ಮಾಡುವ ಅಧಿಕಾರಿ ಬಂದರು. ಪೆಡಲು ಒತ್ತಿದರು, ಗಟ್ಟಿಯಾಗಿದೆ. ಪೈಪು ನೋಡಿದರು, ಸೋರಿಲ್ಲ. ಬ್ರೇಕಿನಲ್ಲಿ ದೋಷ ಕಾಣುವುದಿಲ್ಲ ಎಂದು ಬರೆದುಕೊಟ್ಟರು. ಆ ಕಾಗದವನ್ನು ಅಣ್ಣ ಎರಡು ಸಲ ಓದಿದ. ಮಡಚಿ ಅಂಗಿಯ ಜೇಬಿಗೆ ಹಾಕಿದ.

"ಒತ್ತಿದ ಹಾಗೇ ನೆನಪು," ಎಂದ. "ಒತ್ತಿಲ್ಲ ಅಂತ ಕಾಣ್ತದೆ. ಕಾಲು ತಡ ಮಾಡ್ತು."

ಅಂದಿನಿಂದ ಅವನ ಬಾಯಲ್ಲಿ ಅದೊಂದೇ ಮಾತು. ಕಾಲು ತಡ ಮಾಡ್ತು.

ನನಗೆ ಆಗಲೂ ಗೊತ್ತಿಲ್ಲ. ಗೊತ್ತಾದದ್ದು ಇನ್ನೂ ಹತ್ತು ದಿನ ಕಳೆದು, ಗಾಡಿ ಅಂಗಳಕ್ಕೆ ಬಂದ ಮೇಲೆ. ಎಡಗಡೆ ಮುಖ ಜಜ್ಜಿಹೋಗಿತ್ತು. ಇದ್ದ ಹಾಗೇ ಮಾರುವುದೆಂದು ಪುಲ್ಪಳ್ಳಿಯಿಂದ ಒಬ್ಬ ಮೆಕ್ಯಾನಿಕ್ಕು ನೋಡಲು ಬಂದಿದ್ದರು, ಮಲಯಾಳಿ, ಮಾತುಗಾರ ಮನುಷ್ಯ. ಅಣ್ಣ ಅತ್ತಿಗೆಯ ಹತ್ತಿರ ಆಸ್ಪತ್ರೆಯಲ್ಲಿದ್ದ. ನಾನು ಚಹಾ ಕೊಟ್ಟು ನೋಡಿದರೆ ಚಕ್ರದ ಒಳಗಿನ ತಟ್ಟೆ ಮತ್ತೆ ಕೆಂಪು. ಒಳಗೆ ಹೋಗಿ ಎಣ್ಣೆಯ ಬಟ್ಟಲು, ಪುಕ್ಕ ತಂದೆ. ಮಾರುವ ಗಾಡಿಯಾದರೂ ಒಪ್ಪವಾಗಿ ಕೊಡೋಣ ಎಂದು.

ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವರು ತಮ್ಮ ಮಲಯಾಳದಲ್ಲಿ ಅಕ್ಕ ಎಂದು ಕರೆದು ಕೇಳಿದರು: "ಚೇಚಿ, ಅದೇನು, ಗಾಡಿಗೆ ಎಣ್ಣೆಸ್ನಾನವಾ?"

"ತುಕ್ಕು ಹಿಡಿದಿದೆಯಲ್ಲ."

ಅವರು ಚಹಾ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿ ನಕ್ಕರು. "ಅಯ್ಯೋ ಚೇಚಿ, ಅದು ಬ್ರೇಕು. ಅದರ ತುಕ್ಕು ತುಕ್ಕೇ ಅಲ್ಲ. ಒಂದು ರಾತ್ರಿ ಮಳೆಗೆ ಬರ್ತದೆ, ಎರಡು ಸಲ ಬ್ರೇಕ್ ಒತ್ತಿದರೆ ತಾನೇ ಉಜ್ಜಿಕೊಂಡು ಹೋಗ್ತದೆ. ಅದಕ್ಕೆ ಎಣ್ಣೆ ಹಚ್ಚಿದರೆ ಗಾಡಿ ನಿಲ್ಲೋದು ಸ್ವರ್ಗದ ಬಾಗಿಲಲ್ಲೇ."

ಅವರಿಗೆ ಅದೊಂದು ತಮಾಷೆ. ಚಹಾ ಮುಗಿಸಿ, ಲೋಟ ಜಗಲಿಯ ಮೇಲಿಟ್ಟು, ಚೆನ್ನಾಗಿತ್ತು ಎಂದು ಹೇಳಿ ಹೋದರು. ಹಸು ಕೂಗಿತು, ಕೂಗುತ್ತಲೇ ಇತ್ತು. ಎಣ್ಣೆಯ ಬಟ್ಟಲಿನಲ್ಲಿ ಒಂದು ಇರುವೆ ಬಿದ್ದಿತ್ತು. ಅದನ್ನು ಪುಕ್ಕದ ತುದಿಯಿಂದ ಎತ್ತಿ ಹೊರಗೆ ಬಿಟ್ಟೆ. ಮಾಡಲು ಕೈಗೆ ಸಿಕ್ಕಿದ್ದು ಅದೊಂದೇ.

ಅವತ್ತೇ ಹೇಳಬೇಕಿತ್ತು. ಅತ್ತಿಗೆ ಆಸ್ಪತ್ರೆಯಿಂದ ಬರಲಿ ಎಂದುಕೊಂಡೆ. ಬಂದರು. ನೋವು ಇಳಿಯಲಿ ಎಂದುಕೊಂಡೆ. ಗಾಡಿ ಮಾರಿಹೋಯಿತು. ಒಂದು ಮಳೆಗಾಲ ದಾಟಿತು. ಹೇಳದೆ ಉಳಿದ ಮಾತಿಗೆ ಒಂದು ಗುಣವಿದೆ ನೋಡಿ, ಮೊದಲ ದಿನ ಅದು ನಾಲಗೆಯ ಮೇಲಿರುತ್ತದೆ, ವರ್ಷ ಕಳೆದರೆ ಎಲ್ಲಿದೆ ಎಂದು ನಮಗೇ ಕೈಗೆ ಸಿಗುವುದಿಲ್ಲ.

ಅಣ್ಣ ಮತ್ತೆ ಸ್ಟಿಯರಿಂಗು ಮುಟ್ಟಲಿಲ್ಲ. ಜೀಪಿನಲ್ಲಿ ಹೋಗುವುದಾದರೂ ಹಿಂದೆ ಕೂರುತ್ತಾನೆ. ಇಳಿಜಾರು ಬಂದರೆ ಅವನ ಬಲಗಾಲು ನೆಲವನ್ನು ಒತ್ತುತ್ತದೆ, ನಾನು ನೋಡಿದ್ದೇನೆ. ಚಹಾ ಅಂಗಡಿಯಲ್ಲಿ ಮೊದಮೊದಲು, "ಏನು, ಕಾಲು ಹೇಳಿದ ಮಾತು ಕೇಳ್ತಿದೆಯಾ?" ಎಂದು ಕೀಟಲೆ ಮಾಡುತ್ತಿದ್ದರಂತೆ. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಇಡೀ ಊರಿನ ಸರಕು ಸಾಗಿಸಿದವನು ಈಗ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತ ನಿಂತಿರುತ್ತಾನೆ.

ಅತ್ತಿಗೆ ಮಾತ್ರ ಒಂದು ದಿನವೂ ಅವನನ್ನು ಅನ್ನಲಿಲ್ಲ. ಒಂದೇ ಕೈಯಲ್ಲಿ ಅನ್ನ ಬಸಿಯುವುದನ್ನು ಕಲಿತರು, ತರಕಾರಿ ಹೆಚ್ಚುವುದನ್ನು ಕಲಿತರು. ಒಂದು ಕೆಲಸ ಮಾತ್ರ ಒಂದು ಕೈಗೆ ಬಗ್ಗಲಿಲ್ಲ, ಅವರ ಕೂದಲು. ಮೊಣಕಾಲು ಮುಟ್ಟುವ ಜಡೆ ಅವರದು. ಐವತ್ತು ದಾಟಿದರೂ ತೆಳುವಾಗಿರಲಿಲ್ಲ. ದಿನಾ ಬೆಳಗ್ಗೆ ಅವರು ನನ್ನ ಮುಂದೆ ಬೆನ್ನು ಹಾಕಿ ಕೂರುತ್ತಿದ್ದರು, ನಾನು ಬಾಚಿ ಹೆಣೆಯುತ್ತಿದ್ದೆ. ಆ ಅರ್ಧ ಗಂಟೆ ನಮ್ಮಿಬ್ಬರದೇ. ಊರ ಸುದ್ದಿ, ಹಸುವಿನ ಸುದ್ದಿ, ಅಜ್ಜಿಯ ಹಳೆಯ ಬೈಗುಳಗಳು. ಅವರು ನಗುವಾಗ ಜಡೆ ನನ್ನ ಕೈಯಲ್ಲಿ ಅಲುಗುತ್ತಿತ್ತು.

ಈ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಸೊಸೆ ಓಡಿಬಂದಳು. ಅವಳ ಮಾವನಿಗೆ ಎದೆನೋವು. ಅವರ ಗಾಡಿ ಅಂಗಳದಲ್ಲೇ ಇದೆ, ಓಡಿಸುವವರು ಯಾರೂ ಮನೆಯಲ್ಲಿಲ್ಲ. ಕೀಲಿಕೈಯನ್ನು ಅಣ್ಣನ ಕೈಗೆ ತುರುಕಿದಳು. ಅಣ್ಣ ಹೋದ, ಗಾಡಿಯ ಬಾಗಿಲು ತೆರೆದ, ಒಳಗೆ ಕೂತ. ಮುದುಕರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಕೂತೇ ಇದ್ದ. ಆಮೇಲೆ ಇಳಿದು ಕೀಲಿಕೈಯನ್ನು ವಾಪಸು ಕೊಟ್ಟ.

"ನನ್ನ ಕಾಲಿಗೆ ಕೊಡಬೇಡಿ ಇವರನ್ನ," ಎಂದ.

ಪುಲ್ಪಳ್ಳಿಯಿಂದ ಆಟೋ ಬರುವವರೆಗೆ ಆ ಮುದುಕರು ಬೆವರುತ್ತ ಮಲಗಿದ್ದರು. ಉಳಿದರು, ದೇವರು ದೊಡ್ಡವನು. ಆ ಮನೆಯವರು ಈಗ ನಮ್ಮ ಅಂಗಳದ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ.

ಮರುದಿನ ಅಣ್ಣ ಜಗಲಿಯಲ್ಲಿ ಕೂತು ಮೆಣಸಿನ ಬಳ್ಳಿ ಕಟ್ಟಲು ಗೋಣಿದಾರ ಬಿಚ್ಚುತ್ತಿದ್ದ. ನಾನು ಎದುರಿಗೆ ಕೂತೆ.

"ಅಣ್ಣ, ಅವತ್ತು ನಿನ್ನ ಕಾಲು ತಡ ಮಾಡಲಿಲ್ಲ."

"ಹೂಂ."

"ನೀನು ಆಸ್ಪತ್ರೆಯಲ್ಲಿದ್ದಾಗ ಬ್ರೇಕಿನ ತಟ್ಟೆಗೆ ನಾನು ಎಣ್ಣೆ ಹಚ್ಚಿದ್ದೆ. ಎರಡೂ ಕಡೆ. ಮೂರು ಸಲ."

ಅವನ ಕೈ ನಿಂತಿತು. ನನ್ನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಯ ಕೊನೆಯಲ್ಲಿ ನಗು ಬಂತು.

"ಯಾವ ಎಣ್ಣೆ?"

"ಕೊಬ್ಬರಿ ಎಣ್ಣೆ."

"ಪುಕ್ಕದಲ್ಲಾ?"

"ಪುಕ್ಕದಲ್ಲಿ."

"ಅಜ್ಜಿ ಮೇಲಿಂದ ಇಳಿದು ಬಂದು ಬಟ್ಟಲು ಹಿಡ್ಕೊಂಡಿದ್ಲಾ?"

"ಅಣ್ಣ, ನಾನು ಕಥೆ ಹೇಳ್ತಿಲ್ಲ."

"ನೀನು ಕಥೆ ಹೇಳ್ತಿಲ್ಲ ಅಂದಾಗಲೇ ಕಥೆ ಶುರುವಾಗೋದು."

ನನಗೆ ಅಳು ಬಂತು. ಅವನು ದಾರವನ್ನು ಕೆಳಗಿಟ್ಟ. ನಗು ಹೋಗಿತ್ತು, ದನಿ ಮೆತ್ತಗಾಗಿತ್ತು.

"ಕೇಳು. ಠಾಣೆಯ ಹತ್ತಿರ ನಾನೇ ಹೋಗಿ ನೋಡಿದ್ದೀನಿ. ತಟ್ಟೆ ಕೆಂಪಗಿತ್ತು. ಎಣ್ಣೆ ಕುಡಿದ ಕಬ್ಬಿಣಕ್ಕೆ ಒಂದು ವಾರದಲ್ಲಿ ತುಕ್ಕು ಬರ್ತದಾ? ಅಜ್ಜಿಯ ಮೊಮ್ಮಗಳು, ನೀನೇ ಹೇಳು."

ಬ್ರೇಕು ಉಜ್ಜಿದ ಬಿಸಿಗೆ ಎಣ್ಣೆ ಸುಟ್ಟಿರಬೇಕು, ಉಳಿದದ್ದನ್ನು ಒಂದು ವಾರದ ಮಳೆ ತೊಳೆದಿರಬೇಕು ಎಂದೆ. ತೊದಲುತ್ತ ಹೇಳಿದೆ. ನನ್ನ ಕಿವಿಗೇ ಅದು ಹೊಲಿದು ತಂದ ಮಾತಿನ ಹಾಗೆ ಕೇಳಿಸಿತು.

"ನಿಜ ಆಗಿದ್ದಿದ್ರೆ ನಾಲ್ಕು ವರ್ಷ ನಿನ್ನ ಹೊಟ್ಟೇಲಿ ನಿಲ್ತಿತ್ತಾ? ಒಂದು ಗಂಟೆ ಒಂದು ಸುದ್ದಿ ಇಟ್ಕೊಳ್ಳದವಳು ನೀನು." ನನ್ನ ತಲೆಯ ಮೇಲೆ ಕೈಯಿಟ್ಟ. "ನಿನ್ನೆ ಆದದ್ದು ನೋಡಿ ನಿನಗೆ ತಡೆಯೋಕಾಗ್ಲಿಲ್ಲ. ನಿನ್ನ ಮನಸ್ಸು ಒಳ್ಳೇದು ಕೂಸೆ. ಬಿಡು."

ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅತ್ತಿಗೆಯ ಮಾತನ್ನು ಅಣ್ಣ ತೆಗೆದುಹಾಕುವುದಿಲ್ಲ. ಮಾರನೆಯ ಬೆಳಗ್ಗೆ ಅವರು ಬೆನ್ನು ಹಾಕಿ ಕೂತಾಗ, ಜಡೆ ಅರ್ಧಕ್ಕೆ ಬಂದಾಗ, ಎಲ್ಲವನ್ನೂ ಹೇಳಿದೆ. ಪುಕ್ಕ, ಗೋಣಿಚೀಲ, ಮೆಕ್ಯಾನಿಕ್ಕಿನ ನಗು. "ನೀವು ಹೇಳಿದರೆ ಅಣ್ಣ ನಂಬ್ತಾನೆ ಅತ್ತಿಗೆ. ಮತ್ತೆ ಗಾಡಿ ಮುಟ್ತಾನೆ."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕುತ್ತಿಗೆ ಮಾತ್ರ ಕಾಣುತ್ತಿತ್ತು.

"ಹಚ್ಚಿದ್ದು ನಿಜವಾ?"

"ನಿಜ."

"ನಾಲ್ಕು ವರ್ಷ ನನ್ನ ತಲೆ ಬಾಚಿದ್ದು ಅದಕ್ಕಾ?"

"ಅಲ್ಲ ಅತ್ತಿಗೆ."

"ಅಲ್ಲ ಅಂತ ನಿನಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಅವರು ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು. "ನಾನು ಅವರಿಗೆ ಹೇಳೋದಿಲ್ಲ. ಕಾಲನ್ನಾದರೆ ಬೈಕೊಂಡು ಅದೇ ಕಾಲಲ್ಲಿ ನಡೀತಾರೆ. ಇರೋ ಒಬ್ಬ ತಂಗೀನ ಬೈದು ಎಲ್ಲಿ ಇಡ್ತಾರೆ? ನನಗಂತೂ ನಿನ್ನನ್ನ ಎಲ್ಲಿ ಇಡಬೇಕು ಅಂತ ತಿಳೀತಿಲ್ಲ." ತಲೆಯನ್ನು ನೆಟ್ಟಗೆ ಮಾಡಿ, "ಜಡೆ ಮುಗಿಸು," ಎಂದರು.

ಮುಗಿಸಿದೆ. ಮರುದಿನವೂ ಕೂತರು, ಅದರ ಮರುದಿನವೂ. ಬಾಚಣಿಗೆಯ ಸದ್ದು ಮಾತ್ರ. ಹೀಗೇ ಎಂಟು ಹತ್ತು ದಿನ.

ಒಂದು ಗುರುವಾರ ಅತ್ತಿಗೆ ಒಬ್ಬರೇ ಬೆಳಗಿನ ಬಸ್ಸಿಗೆ ಪುಲ್ಪಳ್ಳಿಗೆ ಹೋದರು. ಊಟದ ಹೊತ್ತಿಗೆ ತಲೆ ತುಂಬ ಸೆರಗು ಹೊದ್ದು ಬಂದರು. ಅಣ್ಣ ಜಗಲಿಯಲ್ಲಿದ್ದ, ನಾನು ಬಾಗಿಲಲ್ಲಿ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಸೆರಗು ಇಳಿಸಿದರು. ಕೂದಲು ಕಿವಿಯ ಕೆಳಗೆ ಎರಡು ಬೆರಳಿನಷ್ಟು ಉಳಿದಿತ್ತು. ನಮ್ಮ ಮನೆಗಳಲ್ಲಿ ಹರಕೆಗಲ್ಲದೆ ಹೆಂಗಸರು ಕೂದಲಿಗೆ ಕತ್ತರಿ ತಾಗಿಸುವುದಿಲ್ಲ. ಅವರ ಕುತ್ತಿಗೆ ಬೇರೆ ಯಾರದೋ ಕುತ್ತಿಗೆಯ ಹಾಗಿತ್ತು.

"ಇದೇನೇ ಇದು?" ಎಂದ ಅಣ್ಣ.

"ಒಂದು ಕೈಗೆ ಇಷ್ಟು ಸಾಕು. ನಾನೇ ಬಾಚ್ಕೊಬಹುದು."

ಅಣ್ಣ ಅವರ ತಲೆಯನ್ನು ನೋಡಿದ. ಹಾಗೇ ಕಣ್ಣು ಕೆಳಗಿಳಿದು ಅವನ ಬಲಗಾಲಿಗೆ ಬಂತು. ಅವನು ಏನು ಲೆಕ್ಕ ಹಾಕುತ್ತಿದ್ದಾನೆ ಎಂದು ನಮ್ಮಿಬ್ಬರಿಗೂ ತಿಳಿಯಿತು.

"ಕೂದಲೂ ಹೋಯ್ತು ನನ್ನಿಂದ," ಎಂದ.

ಅತ್ತಿಗೆ ಅವನ ತಲೆಯ ಮೇಲಿಂದ ನನ್ನನ್ನು ನೋಡಿದರು. ಹೇಳು ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಸುಮ್ಮನೆ ನೋಡಿದರು.

"ಅಣ್ಣ," ಎಂದೆ.

ಅವನು ತಿರುಗದೆಯೇ ಕೈಯೆತ್ತಿದ. "ಬೇಡ ಕೂಸೆ. ಇವತ್ತು ಬೇಡ."

ಅತ್ತಿಗೆ ಒಳಗೆ ಹೋಗಿ ಮೂರು ತಟ್ಟೆ ಹಾಕಿದರು. ಒಂದೊಂದಾಗಿ, ಒಂದೇ ಕೈಯಲ್ಲಿ. ಸಹಾಯಕ್ಕೆ ನಾನು ಹೋಗಲಿಲ್ಲ. ಅವರು ಕರೆಯಲೂ ಇಲ್ಲ.